ಕಂತು ಎಂದಿಗೆ ಮುಗಿಯುತ್ತದೆ? ಲಾಗ್ ಗುಂಡಿ ಒತ್ತಿ ನೋಡುವ ಬಗೆ

"ಭಾವ, ನಾನು ಒಂದು ಕಂತೂ ತಪ್ಪಿಸಿಲ್ಲ. ಆದ್ರೂ 240 ತಿಂಗಳಿದ್ದ ಸಾಲ 331 ತಿಂಗಳಾಗಿದೆ ಅಂತ ಮೆಸೇಜ್ ಬಂದಿದೆ. ಇದೆಂಥ ಲೆಕ್ಕ?"

ಹೆಂಡತಿಯ ತಮ್ಮ ಹೀಗೆ ಫೋನ್ ಮಾಡಿದ್ದು 2023ರ ಆರಂಭದಲ್ಲಿ. ಮನೆ ಸಾಲ ತೆಗೆದು ವರ್ಷವೂ ತುಂಬಿರಲಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ ದರವನ್ನು) ಶೇ 4ರಿಂದ ಶೇ 6.5ಕ್ಕೆ ಏರಿಸಿತ್ತು. ಆ ಬಿಸಿ ಅವನ ಸಾಲಕ್ಕೂ ತಾಗಿ ಬಡ್ಡಿ ಶೇ 8.4ರಿಂದ ಶೇ 9.6ಕ್ಕೆ ಹೋಗಿತ್ತು. ಕಂತಿನ ಮೊತ್ತ ಬದಲಾಗಿರಲಿಲ್ಲ. ದರ ಏರಿದ್ದು ಒಂದೂಕಾಲಿಗೂ ಕಮ್ಮಿ, ಅವಧಿ ಏರಿದ್ದು ಏಳೂವರೆ ವರ್ಷಕ್ಕೂ ಜಾಸ್ತಿ. ಮೋಸ ಎಂದೇ ಅವನ ಅನುಮಾನ.

ಮೋಸವಿರಲಿಲ್ಲ. ಆದರೆ ಅದನ್ನು ಅವನಿಗೆ ಫೋನಿನಲ್ಲಿ ಹೇಳಿ ಒಪ್ಪಿಸಲು ನನ್ನಿಂದಾಗಲಿಲ್ಲ. ಭಾನುವಾರ ಮನೆಗೆ ಬಂದಾಗ ಕಾಗದ, ಪೆನ್ನು, ಅವನದೇ ಫೋನಿನ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತೆವು. ಅಂದು ಮಾಡಿದ ಲೆಕ್ಕ, ಮಾತು ಎಲ್ಲೆಲ್ಲಿಗೋ ಹೋಗಿ ಸೇರಿಕೊಂಡ ಇನ್ನಷ್ಟು ಲೆಕ್ಕ, ಎರಡನ್ನೂ ಇಲ್ಲಿ ಬರೆದಿದ್ದೇನೆ. ಪಿಯುಸಿಯಲ್ಲಿ ಲಾಗ್ ಟೇಬಲ್ ನೋಡಿ ಬೆವರಿದವರಿಗೂ ಇದು ಎಟಕುತ್ತದೆ. ಟೇಬಲ್ ಬೇಕಾಗಿಯೇ ಇಲ್ಲ.

ಪ್ರಶ್ನೆ ಯಾವ ಜಾತಿಯದು?

ಗುಣಿಸುತ್ತಾ ಬೆಳೆಯುವ (ಅಥವಾ ಕರಗುವ) ಯಾವುದಕ್ಕೂ ಎರಡು ಬಗೆಯ ಪ್ರಶ್ನೆ ಕೇಳಬಹುದು. "ಇಷ್ಟು ಕಾಲ ಬಿಟ್ಟು ಎಷ್ಟಾಗಿರುತ್ತದೆ?" ಎಂಬುದು ಮೊದಲನೆಯದು. ಇದಕ್ಕೆ ಘಾತ ಸಾಕು: 2 ಅನ್ನು ಐದು ಸಲ ಗುಣಿಸಿದರೆ 32. "ಅಷ್ಟಾಗಲು ಎಷ್ಟು ಕಾಲ ಬೇಕು?" ಎಂಬುದು ಎರಡನೆಯದು. 2 ಅನ್ನು ಎಷ್ಟು ಸಲ ಗುಣಿಸಿದರೆ 32? ಇಲ್ಲಿ ನಮಗೆ ಗೊತ್ತಿಲ್ಲದ ಸಂಖ್ಯೆ ಮೇಲೆ, ಘಾತದ ಜಾಗದಲ್ಲಿ ಕೂತಿದೆ. ಅದನ್ನು ಕೆಳಗಿಳಿಸುವ ಏಣಿಯೇ ಲಾಗ್, ಪಠ್ಯಪುಸ್ತಕದ ಮಾತಿನಲ್ಲಿ ಲಘುಗಣಕ.

ಈ "ಎಷ್ಟು ಸಲ" ಎಂಬ ಯೋಚನೆ ನಮ್ಮ ನೆಲಕ್ಕೆ ಹೊಸದಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿದ್ದ ಜೈನ ಆಚಾರ್ಯ ವೀರಸೇನರು ತಮ್ಮ 'ಧವಲಾ' ವ್ಯಾಖ್ಯಾನದಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದನ್ನು 'ಅರ್ಧಚ್ಛೇದ' ಎಂದು ಕರೆದರು. 32ರ ಅರ್ಧಚ್ಛೇದ 5. ಮೂರರಿಂದ ಭಾಗಿಸುತ್ತಾ ಹೋದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ. ಈ ಗ್ರಂಥದ ತಾಳೆಗರಿಗಳು ಹಳೆಗನ್ನಡ ಲಿಪಿಯಲ್ಲಿ ಉಳಿದುಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಲಾಗ್ ಕೋಷ್ಟಕ ಪ್ರಕಟಿಸಿದ್ದು 1614ರಲ್ಲಿ. ಹಾಗೆಂದು ಲಾಗ್ ಟೇಬಲ್ಲನ್ನು ನಾವೇ ಕಂಡುಹಿಡಿದೆವು ಎಂದು ಎದೆ ಉಬ್ಬಿಸಬೇಕಾಗಿಲ್ಲ. ದೊಡ್ಡ ಗುಣಾಕಾರವನ್ನು ಸಂಕಲನವಾಗಿಸುವ ಉಪಕರಣ ನೇಪಿಯರನದೇ. ಆದರೆ "ಎಷ್ಟು ಸಲ" ಎಂದು ಕೇಳಿ ಅದಕ್ಕೊಂದು ಹೆಸರಿಟ್ಟವರು ವೀರಸೇನರು. ಅರ್ಧಚ್ಛೇದ ಎಂಬ ಹೆಸರಿನಲ್ಲೇ ಅರ್ಥ ಕಾಣುತ್ತದೆ. ಲಘುಗಣಕ ಎಂದರೆ ಏನೂ ಹೊಳೆಯುವುದಿಲ್ಲ.

ಫೋನಿನಲ್ಲಿ ಗುಂಡಿ ಎಲ್ಲಿದೆ

ಫೋನಿನ ಕ್ಯಾಲ್ಕುಲೇಟರ್ ತೆರೆದು ಪರದೆಯನ್ನು ಅಡ್ಡ ತಿರುಗಿಸಿ. ಬಹುತೇಕ ಫೋನುಗಳಲ್ಲಿ ಆಗ ಹೆಚ್ಚಿನ ಗುಂಡಿಗಳು ಬರುತ್ತವೆ. ಅದರಲ್ಲಿ 'ಲಾಗ್' ಎಂದೊಂದು, 'ಎಲ್ಎನ್' ಎಂದೊಂದು ಇರುತ್ತದೆ. ಮೊದಲನೆಯದು 10ನ್ನು ಆಧಾರವಾಗಿ ಇಟ್ಟುಕೊಂಡದ್ದು, ಎರಡನೆಯದು 2.718 ಎಂಬ ಸಂಖ್ಯೆಯನ್ನು. ಮುಂದಿನ ಲೆಕ್ಕಗಳಲ್ಲಿ ಒಂದು ಲಾಗನ್ನು ಇನ್ನೊಂದು ಲಾಗಿನಿಂದ ಭಾಗಿಸುತ್ತೇವೆ. ಹಾಗೆ ಭಾಗಿಸುವಾಗ ಯಾವ ಗುಂಡಿ ಒತ್ತಿದರೂ ಉತ್ತರ ಒಂದೇ. ಮೇಲೊಂದು ಕೆಳಗೊಂದು ಬೆರೆಸಬೇಡಿ, ಅಷ್ಟೇ.

ಪರೀಕ್ಷೆಗೆ ಲಾಗ್ 100 ಒತ್ತಿ. 2 ಬರಬೇಕು. ಕೆಲವು ಫೋನುಗಳಲ್ಲಿ ಮೊದಲು ಗುಂಡಿ, ಆಮೇಲೆ ಸಂಖ್ಯೆ. ಕೆಲವದರಲ್ಲಿ ಮೊದಲು ಸಂಖ್ಯೆ. ಈಗ ಲಾಗ್ 32 ÷ ಲಾಗ್ 2. ಐದು ಬಂತೇ? ಹಾಗಿದ್ದರೆ ಗಾಡಿ ಹೊರಟಿತು. ಬರಲಿಲ್ಲವಾದರೆ ಆವರಣ ಚಿಹ್ನೆಯ ಎಡವಟ್ಟು: ಫೋನ್ 32 ÷ ಲಾಗ್ 2 ಇಡೀ ಮೊತ್ತಕ್ಕೆ ಲಾಗ್ ಹಾಕಿರುತ್ತದೆ. ಎರಡೂ ಲಾಗನ್ನು ಬೇರೆ ಬೇರೆ ತೆಗೆದು, ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಭಾಗಿಸಿ. ನಾನು ಈಗಲೂ ಹಾಗೇ ಮಾಡುವುದು.

ಸುಲಭದ್ದು ಮೊದಲು: ಠೇವಣಿ ದುಪ್ಪಟ್ಟು

ಒಂದು ಲಕ್ಷವನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟಿದ್ದೀರಿ. ಎರಡು ಲಕ್ಷವಾಗುವುದು ಯಾವಾಗ?

ಮೊದಲ ಹೆಜ್ಜೆಯಲ್ಲೇ ಬಹಳ ಜನ ಎಡವುತ್ತಾರೆ: ಬಡ್ಡಿ ಎಷ್ಟು ದಿನಕ್ಕೊಮ್ಮೆ ಅಸಲಿಗೆ ಸೇರುತ್ತದೆ ಎಂದು ನೋಡುವುದೇ ಇಲ್ಲ. ನಮ್ಮಲ್ಲಿ ಬ್ಯಾಂಕ್ ಠೇವಣಿಗಳ ಬಡ್ಡಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಅಂದರೆ ವರ್ಷಕ್ಕೆ 7 ಅಲ್ಲ, ಮೂರು ತಿಂಗಳಿಗೆ 1.75. ಪ್ರತಿ ಮೂರು ತಿಂಗಳಿಗೆ ನಿಮ್ಮ ಹಣ 1.0175ರಿಂದ ಗುಣವಾಗುತ್ತದೆ.

ಎರಡನೇ ಹೆಜ್ಜೆ, ಪ್ರಶ್ನೆಯನ್ನು ಸಮೀಕರಣವಾಗಿ ಬರೆಯುವುದು. ಗೊತ್ತಿಲ್ಲದ ಸಂಖ್ಯೆಯನ್ನು 'ನ' ಎನ್ನೋಣ: 1.0175^ನ = 2.

ಮೂರನೆಯದು, ಲಾಗ್ ಹಾಕಿ 'ನ'ವನ್ನು ಕೆಳಗಿಳಿಸುವುದು: ನ = ಲಾಗ್ 2 ÷ ಲಾಗ್ 1.0175 = 0.30103 ÷ 0.0075344 = 39.95.

ನಾಲ್ಕನೆಯದು, ಬಂದ ಉತ್ತರ ಯಾವ ಅಳತೆಯಲ್ಲಿದೆ ಎಂದು ನೋಡುವುದು. ಇದು 40 ವರ್ಷವಲ್ಲ, 40 ತಿಂಗಳೂ ಅಲ್ಲ, ಮೂರು ತಿಂಗಳ 40 ಕಂತೆಗಳು. ಸರಿಯಾಗಿ ಹತ್ತು ವರ್ಷ.

72ನ್ನು ಬಡ್ಡಿ ದರದಿಂದ ಭಾಗಿಸುವ ಬಾಯಿಲೆಕ್ಕ ಎಷ್ಟೋ ಜನರಿಗೆ ಗೊತ್ತು. 72 ÷ 7 ಅಂದರೆ 10.3. ಹತ್ತಿರವೇ ಇದೆ. ಬಾಯಿಲೆಕ್ಕಕ್ಕೆ ಅದೇ ಸಾಕು. ಆದರೆ ಮೂರುಪಟ್ಟು ಯಾವಾಗ, ಮಗಳ ಓದಿಗೆ ಬೇಕಾದ 18 ಲಕ್ಷ ಯಾವಾಗ ಎಂದರೆ 72 ಕೈಕೊಡುತ್ತದೆ. ಲಾಗ್ ಕೈಕೊಡುವುದಿಲ್ಲ: 2ರ ಜಾಗದಲ್ಲಿ 3 ಹಾಕಿ, ಅಥವಾ 18 ಲಕ್ಷವನ್ನು ಈಗಿರುವ ಹಣದಿಂದ ಭಾಗಿಸಿ ಹಾಕಿ.

ಬೆಲೆಯೇರಿಕೆಗೂ ಇದೇ ಲೆಕ್ಕ. ವರ್ಷಕ್ಕೆ ಶೇ 6 ಬೆಲೆ ಏರಿದರೆ ಲಾಗ್ 2 ÷ ಲಾಗ್ 1.06, ಸುಮಾರು 12 ವರ್ಷಕ್ಕೆ ಎಲ್ಲದರ ಬೆಲೆಯೂ ಇಮ್ಮಡಿ. ಶೇ 7ರ ಠೇವಣಿ ಹತ್ತು ವರ್ಷಕ್ಕೆ ಇಮ್ಮಡಿಯಾಯಿತೆಂದು ಹಿಗ್ಗುವ ಮೊದಲು ಈ ಹನ್ನೆರಡನ್ನು ಪಕ್ಕದಲ್ಲಿಟ್ಟು ನೋಡಿ. ತೆರಿಗೆ ಬೇರೆ ಇದೆ.

"ನೂರಕ್ಕೆ ಮೂರು ರೂಪಾಯಿ"

ಕೈಸಾಲದಲ್ಲಿ ಯಾರೂ ಶೇಕಡಾ ಎನ್ನುವುದಿಲ್ಲ. "ಮೂರು ರೂಪಾಯಿ ಬಡ್ಡಿ" ಎನ್ನುತ್ತಾರೆ. ನೂರಕ್ಕೆ, ತಿಂಗಳಿಗೆ ಎಂಬುದು ಹೇಳದೆಯೇ ಅರ್ಥವಾಗುವ ಮಾತು. ಕಿವಿಗೆ ಎಷ್ಟು ಚಿಕ್ಕದು!

ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತಿದ್ದರೆ, ಅಥವಾ ಸರಳ ಬಡ್ಡಿ ಎಂದೇ ಒಪ್ಪಂದವಾಗಿದ್ದರೆ, ಅಸಲಿನಷ್ಟೇ ಬಡ್ಡಿಯಾಗಲು 33 ತಿಂಗಳು ಬೇಕು. ಕಟ್ಟಲಾಗದೆ ಬಡ್ಡಿಯೂ ಅಸಲಿಗೆ ಸೇರಿದರೆ, ಅಂದರೆ ಚಕ್ರಬಡ್ಡಿಯಾದರೆ, ಲಾಗ್ 2 ÷ ಲಾಗ್ 1.03 = 23.4 ತಿಂಗಳು. ಎರಡು ವರ್ಷ ತುಂಬುವ ಮೊದಲೇ ಸಾಲ ಇಮ್ಮಡಿ. ವರ್ಷದ ಲೆಕ್ಕಕ್ಕೆ 1.03ನ್ನು ಹನ್ನೆರಡು ಸಲ ಗುಣಿಸಿ: 1.4258. ಅಂದರೆ ವರ್ಷಕ್ಕೆ ಶೇ 42.6, ಮೂರು ಹನ್ನೆರಡಲಿ ಮೂವತ್ತಾರು ಅಲ್ಲ.

ಕೈಸಾಲದವರನ್ನು ಬೈಯುವ ನಗರದವರು ತಮ್ಮ ಜೇಬು ನೋಡಿಕೊಳ್ಳಲಿ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿ ಹಾಕುವುದುಂಟು. ಏನೂ ಕಟ್ಟದೆ ಬಿಟ್ಟರೆ ಇಮ್ಮಡಿಯಾಗಲು ಬರೀ 20 ತಿಂಗಳು, ವರ್ಷಕ್ಕೆ ಶೇ 51. ತಡಪಾವತಿ ಶುಲ್ಕ, ಅದರ ಮೇಲಿನ ತೆರಿಗೆ ಇದರಲ್ಲಿ ಸೇರಿಲ್ಲ.

ಮನೆ ಸಾಲದ ಕಂತು

ಈಗ ಭಾವಮೈದನ ಲೆಕ್ಕ. ಸುಲಭಕ್ಕೆ ಅಸಲು 30 ಲಕ್ಷ ಎಂದೇ ಇಟ್ಟುಕೊಳ್ಳೋಣ. ಶೇ 8.4 ಅಂದರೆ ತಿಂಗಳಿಗೆ 0.7. ಇಪ್ಪತ್ತು ವರ್ಷಕ್ಕೆ ಕಂತು 25,845 ರೂಪಾಯಿ.

ಅಂತರ್ಜಾಲದಲ್ಲಿ ಸಿಗುವ ಸೂತ್ರ ಉದ್ದವಾಗಿದೆ. ನಾನು ಹೇಳಿಕೊಟ್ಟದ್ದು ಬೇರೆ ದಾರಿ. ಅದಕ್ಕೆ ಮೊದಲ ತಿಂಗಳ ಕಂತನ್ನು ಸೀಳಿ ನೋಡಬೇಕು. 30 ಲಕ್ಷಕ್ಕೆ ತಿಂಗಳ ಬಡ್ಡಿ 21,000. ಉಳಿದ 4,845 ಮಾತ್ರ ಅಸಲಿಗೆ ಹೋಗುತ್ತದೆ. ಎರಡನೇ ತಿಂಗಳು ಅಸಲು 4,845ರಷ್ಟು ಇಳಿದಿರುವುದರಿಂದ ಬಡ್ಡಿಯೂ ತುಸು ಇಳಿಯುತ್ತದೆ, ಇಳಿದಷ್ಟು ಹಣ ಅಸಲಿಗೆ ಸೇರುತ್ತದೆ. ಹೀಗೆ ಅಸಲಿಗೆ ಹೋಗುವ ಪಾಲು ತಿಂಗಳಿಗೆ 1.007ರಿಂದ ಗುಣವಾಗುತ್ತಾ ಬೆಳೆಯುತ್ತದೆ. ಸಾಲ ಪೂರ್ತಿ ತೀರುವ ಗಳಿಗೆಯಲ್ಲಿ ಬಡ್ಡಿ ಸೊನ್ನೆ, ಅಂದರೆ ಆ ಪಾಲು ಇಡೀ ಕಂತಿನಷ್ಟಾಗಿರಬೇಕು. ಹಾಗಾದರೆ ಪ್ರಶ್ನೆ ಇಷ್ಟೇ: 4,845 ಎಂಬುದು ತಿಂಗಳಿಗೆ 1.007ರಂತೆ ಬೆಳೆದು 25,845 ಆಗಲು ಎಷ್ಟು ತಿಂಗಳು? ಮೇಲಿನ ಠೇವಣಿ ಲೆಕ್ಕಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ತಿಂಗಳು = ಲಾಗ್ (ಕಂತು ÷ ಅಸಲಿಗೆ ಹೋಗುವ ಮೊದಲ ಪಾಲು) ÷ ಲಾಗ್ (1 + ತಿಂಗಳ ದರ)

25,845 ÷ 4,845 = 5.334. ಇದರ ಲಾಗ್ 0.72708. ಅದನ್ನು ಲಾಗ್ 1.007 ಆದ 0.0030295ರಿಂದ ಭಾಗಿಸಿದರೆ 240. ಬ್ಯಾಂಕ್ ಹೇಳಿದ್ದ ಅವಧಿಯೇ ಬಂತು. ಇಲ್ಲಿಗೆ ಭಾವಮೈದನ ಮುಖ ಸ್ವಲ್ಪ ಸಡಿಲವಾಯಿತು.

ಈಗ ಶೇ 9.6, ಅಂದರೆ ತಿಂಗಳಿಗೆ 0.8. ಮೊದಲ ತಿಂಗಳ ಬಡ್ಡಿಯೇ 24,000. ಅಸಲಿಗೆ ಉಳಿಯುವುದು 1,845. "ಅಯ್ಯೋ" ಎಂದ. ಬಡ್ಡಿ ಏರಿದ್ದು ಮೂರೇ ಸಾವಿರ, ಆದರೆ ಆ ಮೂರು ಸಾವಿರ ಇಳಿದದ್ದು 25,845ರಿಂದಲ್ಲ, 4,845ರಿಂದ. ಬೀಜದ ರಾಗಿಯಲ್ಲೇ ಅರ್ಧಕ್ಕಿಂತ ಹೆಚ್ಚು ಹೋಯಿತು. 25,845 ÷ 1,845 = 14.008, ಲಾಗ್ 1.14638, ಅದನ್ನು ಲಾಗ್ 1.008 ಆದ 0.0034605ರಿಂದ ಭಾಗಿಸಿದರೆ 331.

ಇಲ್ಲಿಂದ ಮುಂದೆ ಆಟ ಅವನ ಕೈಗೆ ಬಂತು. ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಕಟ್ಟಿದರೆ? ಕಂತು 26,845, ಅಸಲಿನ ಪಾಲು 2,845, ಭಾಗಾಕಾರ 9.436, ಉತ್ತರ 282 ತಿಂಗಳು. ಒಂದು ಸಾವಿರಕ್ಕೆ ನಾಲ್ಕು ವರ್ಷ ಕಡಿತ. ಮೊದಲಿನ 240 ತಿಂಗಳೇ ಬೇಕೆಂದರೆ ಕಂತು 28,160 ಆಗಬೇಕು, ಅಂದರೆ 2,315 ಹೆಚ್ಚು. ಅವಧಿ ಬೆಳೆಯಲು ಬಿಟ್ಟರೆ ಒಟ್ಟು ಕಟ್ಟುವುದು ಸುಮಾರು 85.6 ಲಕ್ಷ. ಕಂತು ಏರಿಸಿ 240ರಲ್ಲೇ ಮುಗಿಸಿದರೆ 67.6 ಲಕ್ಷ. ಹದಿನೆಂಟು ಲಕ್ಷದ ವ್ಯತ್ಯಾಸ!

ಇನ್ನೊಂದನ್ನೂ ಒತ್ತಿ ನೋಡಲು ಹೇಳಿದೆ. ದರ ಶೇ 10.4 ಆದರೆ? ತಿಂಗಳ ಬಡ್ಡಿ 26,000. ಕಂತು 25,845. ಅಸಲಿನ ಪಾಲು ಸೊನ್ನೆಗೂ ಕೆಳಗೆ, 155 ರೂಪಾಯಿ ಕೊರತೆ. ಋಣ ಸಂಖ್ಯೆಗೆ ಲಾಗ್ ಇಲ್ಲ, ಕ್ಯಾಲ್ಕುಲೇಟರ್ ತಪ್ಪು ಎಂದು ತೋರಿಸುತ್ತದೆ. ಗುಂಡಿ ಕೆಟ್ಟಿಲ್ಲ. ಈ ಕಂತಿನಲ್ಲಿ ಈ ಸಾಲ ಎಂದೆಂದಿಗೂ ತೀರುವುದಿಲ್ಲ, ತಿಂಗಳು ತಿಂಗಳು ಬೆಳೆಯುತ್ತದೆ ಎಂಬುದನ್ನೇ ಅದು ತನ್ನ ಭಾಷೆಯಲ್ಲಿ ಹೇಳುತ್ತಿದೆ. ನನ್ನ ಮಟ್ಟಿಗೆ ಲಾಗ್ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ, ಆದರೂ ಪಠ್ಯದಲ್ಲಿ "ಋಣ ಸಂಖ್ಯೆಗಳಿಗೆ ಲಘುಗಣಕ ವ್ಯಾಖ್ಯಾನಿಸಿಲ್ಲ" ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ.

2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ದರ ಬದಲಾದಾಗ ಕಂತು ಏರಿಸಬೇಕೇ, ಅವಧಿ ಹೆಚ್ಚಿಸಬೇಕೇ, ಎರಡೂ ಸ್ವಲ್ಪ ಸ್ವಲ್ಪವೇ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕು. ಬಡ್ಡಿಗಿಂತ ಕಂತು ಕಮ್ಮಿಯಾಗಿ ಸಾಲ ಬೆಳೆಯುವ ಸ್ಥಿತಿಯೂ ಬರಬಾರದು. ಆಯ್ಕೆ ಕೇಳಿಕೊಂಡು ಬ್ಯಾಂಕಿಗೆ ಹೋಗುವ ಮುನ್ನ ಮೇಲಿನ ಲೆಕ್ಕ ಮಾಡಿಕೊಂಡು ಹೋಗಿ. ನಿಮಗೆ ಬೇಕಾದ್ದು ಮೂರೇ ಸಂಖ್ಯೆ: ಇಂದಿನ ಅಸಲು ಬಾಕಿ (ಮೊದಲು ತೆಗೆದ ಸಾಲವಲ್ಲ), ಇಂದಿನ ದರ, ಕಂತು. ಕಂಪ್ಯೂಟರಿನಲ್ಲಿ ಎಕ್ಸೆಲ್ ಬಳಸುವವರಿಗೆ ಎನ್‌ಪರ್ ಎಂಬ ಸೂತ್ರ ಇದೇ ಕೆಲಸ ಮಾಡಿಕೊಡುತ್ತದೆ.

ಕರಗುವ ಲೆಕ್ಕ

ಅಷ್ಟರಲ್ಲಿ ಕಾಫಿ ಬಂತು, ಲೆಕ್ಕ ಅದರ ಕಡೆಗೂ ತಿರುಗಿತು. ಅಡುಗೆಮನೆಯ ತಾಪಮಾಪಕ ಇದ್ದರೆ ನೀವೂ ಮಾಡಿ ನೋಡಬಹುದು. ಕೋಣೆ 25 ಡಿಗ್ರಿ, ಲೋಟದಲ್ಲಿನ ಕಾಫಿ 85 ಡಿಗ್ರಿ, ಐದು ನಿಮಿಷಕ್ಕೆ 70ಕ್ಕೆ ಇಳಿಯಿತು ಎನ್ನಿ. 55 ಆಗುವುದು ಯಾವಾಗ? ಐದು ನಿಮಿಷಕ್ಕೆ 15 ಇಳಿದರೆ ಹತ್ತು ನಿಮಿಷಕ್ಕೆ 30 ಎಂದು ನಾಲಿಗೆ ತುದಿಯಲ್ಲಿ ಉತ್ತರ ಇರುತ್ತದೆ. ತಪ್ಪು.

ಇಲ್ಲಿ ಗುಣವಾಗುತ್ತಾ ಕರಗುವುದು ಕಾಫಿಯ ಬಿಸಿಯಲ್ಲ, ಕಾಫಿಗೂ ಕೋಣೆಗೂ ಇರುವ ವ್ಯತ್ಯಾಸ. ಅದು 60 ಇತ್ತು, 45 ಆಯಿತು: ಐದು ನಿಮಿಷಕ್ಕೆ 0.75 ಪಟ್ಟು. 55 ಡಿಗ್ರಿ ಎಂದರೆ ವ್ಯತ್ಯಾಸ 30, ಮೊದಲಿನ ಅರ್ಧ. ಲಾಗ್ 0.5 ÷ ಲಾಗ್ 0.75 = 2.41. ಐದೈದು ನಿಮಿಷದ 2.41 ಕಂತೆ ಅಂದರೆ 12 ನಿಮಿಷ. ಎರಡೂ ಲಾಗ್ ಋಣವಾಗಿ ಬರುತ್ತವೆ, ಗಾಬರಿ ಬೇಡ; ಭಾಗಿಸಿದಾಗ ಧನವಾಗುತ್ತದೆ. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದರೆ ಈ ಲೆಕ್ಕವೆಲ್ಲ ತಲೆಕೆಳಗು, ಅದು ಬೇರೆ ಮಾತು.

ಆಸ್ಪತ್ರೆಯಲ್ಲಿ ಸ್ಕ್ಯಾನ್‌ಗಾಗಿ ಕೊಡುವ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತುವಿನ ಅರ್ಧಾಯು 6 ಗಂಟೆ. ನೂರರಲ್ಲಿ ಒಂದು ಪಾಲಿಗೆ ಇಳಿಯಲು ಎಷ್ಟು ಸಲ ಅರ್ಧವಾಗಬೇಕು? ಲಾಗ್ 100 ÷ ಲಾಗ್ 2 = 6.64. ವೀರಸೇನರ ಅರ್ಧಚ್ಛೇದವೇ. ಆರು ಗಂಟೆಯಿಂದ ಗುಣಿಸಿದರೆ 40 ಗಂಟೆ. ಥೈರಾಯ್ಡ್ ಚಿಕಿತ್ಸೆಗೆ ಕೊಡುವ ಅಯೋಡಿನ್-131ರ ಅರ್ಧಾಯು 8 ದಿನ. ಅದಕ್ಕೆ 53 ದಿನ. ಇದು ವಸ್ತು ತಾನಾಗಿ ಕ್ಷಯಿಸುವ ಲೆಕ್ಕ ಮಾತ್ರ. ದೇಹ ಮೂತ್ರದ ಮೂಲಕ ಬಹಳಷ್ಟನ್ನು ಹೊರಹಾಕುವುದರಿಂದ ನಿಜದಲ್ಲಿ ಬೇಗ ಇಳಿಯುತ್ತದೆ. ಮಗುವನ್ನು ಎತ್ತಿಕೊಳ್ಳಲು ಎಷ್ಟು ದಿನ ಕಾಯಬೇಕೆಂಬುದಕ್ಕೆ ವೈದ್ಯರ ಮಾತೇ ಪ್ರಮಾಣ, ಈ ಲೇಖನವಲ್ಲ.

ಲಾಗ್ ಆಗಿಯೇ ಕೈಗೆ ಬರುವ ಸಂಖ್ಯೆಗಳು

ಕೆಲವು ಅಳತೆಗಳಲ್ಲಿ ಲಾಗನ್ನು ಯಾರೋ ಮೊದಲೇ ಹಾಕಿಟ್ಟಿರುತ್ತಾರೆ. ಅವುಗಳನ್ನು ಸಾದಾ ಸಂಖ್ಯೆಯಂತೆ ಓದಿದರೆ ಮೋಸ ಹೋಗುತ್ತೇವೆ. ಮಾಡಬೇಕಾದ್ದು ತಿರುಗುಮುರುಗು ಕೆಲಸ: ವ್ಯತ್ಯಾಸ ತೆಗೆದು ಅದನ್ನು 10ರ ಘಾತಕ್ಕೆ ಏರಿಸುವುದು.

ಸದ್ದನ್ನೇ ತೆಗೆದುಕೊಳ್ಳಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರ ನಂತರ 45 ಡೆಸಿಬಲ್ ಮಿತಿ. ರಾತ್ರಿ 75 ಬರುತ್ತಿದ್ದರೆ "ಮೂವತ್ತು ಜಾಸ್ತಿ" ಎಂದು ದೂರು ಬರೆಯುತ್ತಾರೆ. ಮೂವತ್ತನ್ನು ಹತ್ತರಿಂದ ಭಾಗಿಸಿ 3, ಹತ್ತರ ಘಾತ 3: ಸದ್ದಿನ ತೀವ್ರತೆ ಮಿತಿಯ ಸಾವಿರ ಪಟ್ಟು. ದೂರಿನಲ್ಲಿ ಹಾಗೇ ಬರೆಯಿರಿ.

ಇದರ ಇನ್ನೊಂದು ಮುಖ ಗಣಪತಿ ಪೆಂಡಾಲಿನವರಿಗೆ. ಒಂದೇ ಸಮನೆ ಕೂಗುವ ಹತ್ತು ಸ್ಪೀಕರ್ ಪೆಟ್ಟಿಗೆಗಳಿದ್ದು, ಪೊಲೀಸರು ಬಂದರೆಂದು ಐದನ್ನು ಆರಿಸಿದರೆ ಇಳಿಯುವುದು ಬರೀ 3 ಡೆಸಿಬಲ್. ಹತ್ತು ಡೆಸಿಬಲ್ ಇಳಿಯಬೇಕಾದರೆ ಒಂಬತ್ತನ್ನು ಆರಿಸಬೇಕು. ಅಷ್ಟು ಮಾಡಿದರೂ ನಮ್ಮ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ಅನಿಸುತ್ತದೆ, ಅಷ್ಟೇ.

ದೂರದ ಲೆಕ್ಕದಲ್ಲಿ ಹತ್ತರ ಬದಲು ಇಪ್ಪತ್ತರಿಂದ ಭಾಗಿಸಬೇಕು, ಏಕೆಂದರೆ ಬಯಲಿನಲ್ಲಿ ಸದ್ದು ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುತ್ತದೆ. ಹತ್ತು ಮೀಟರ್‌ನಲ್ಲಿ 95 ಇರುವ ಸದ್ದು 45ಕ್ಕೆ ಇಳಿಯಲು 50 ÷ 20 = 2.5, ಹತ್ತರ ಘಾತ 2.5 ಅಂದರೆ 316 ಪಟ್ಟು ದೂರ: ಮೂರು ಕಿಲೋಮೀಟರಿಗೂ ಆಚೆ. ಮರ, ಮನೆ, ಗಾಳಿ ನಡುವೆ ಬಹಳಷ್ಟನ್ನು ನುಂಗುತ್ತವೆ. ಆದರೂ ಗದ್ದೆಬಯಲಿನಾಚೆ ನಡೆಯುವ ಯಕ್ಷಗಾನದ ಚೆಂಡೆ ನಡುರಾತ್ರಿ ಹಾಸಿಗೆಗೆ ಯಾಕೆ ಕೇಳಿಸುತ್ತದೆಂದು ಇದರಿಂದ ಗೊತ್ತಾಗುತ್ತದೆ.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ (ಪಿಎಚ್) ಎಂದಿರುವುದೂ ಲಾಗೇ, ಆದರೆ ತಲೆಕೆಳಗಾದ ಲಾಗ್: ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಮಳೆ ತೊಳೆದ ಮಲೆನಾಡು, ಕರಾವಳಿಯ ಮಣ್ಣುಗಳಲ್ಲಿ 5ರ ಆಸುಪಾಸು ಬರುವುದು ಸಾಮಾನ್ಯ. ಪಕ್ಕದ ತೋಟದ್ದು 6.5, ನಿಮ್ಮದು 5.0 ಎಂದರೆ ವ್ಯತ್ಯಾಸ ಒಂದೂವರೆಯಲ್ಲ, ಹತ್ತರ ಘಾತ 1.5, ಅಂದರೆ 32 ಪಟ್ಟು ಆಮ್ಲೀಯ. ಹಾಗೆಂದು 32 ಪಟ್ಟು ಸುಣ್ಣ ತಂದು ಸುರಿಯಬೇಡಿ! ರಸಸಾರ ಹೇಳುವುದು ಮಣ್ಣಿನ ನೀರಿನಲ್ಲಿ ಈಗ ಇರುವ ಆಮ್ಲವನ್ನು ಮಾತ್ರ. ಮಣ್ಣಿನ ಕಣಗಳು ಹಿಡಿದಿಟ್ಟುಕೊಂಡ ಆಮ್ಲ ಬೇರೆಯೇ ಇರುತ್ತದೆ. ಜೇಡಿಮಣ್ಣು ಹೆಚ್ಚು ಹಿಡಿಯುತ್ತದೆ, ಮರಳುಮಣ್ಣು ಕಮ್ಮಿ. ಒಂದೇ ರಸಸಾರದ ಎರಡು ತೋಟಕ್ಕೆ ಬೇರೆ ಬೇರೆ ಪ್ರಮಾಣದ ಸುಣ್ಣ ಬೇಕಾಗುವುದು ಅದಕ್ಕೇ. ಎಷ್ಟು ಹಾಕಬೇಕೆಂದು ಪ್ರಯೋಗಾಲಯದವರನ್ನು ಕೇಳಿ.

ಭೂಕಂಪದಲ್ಲಿ ಪ್ರಮಾಣ ಒಂದು ಏರಿದರೆ ಹೊಮ್ಮುವ ಶಕ್ತಿ ಸುಮಾರು 32 ಪಟ್ಟು. ಅಂದರೆ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿ ಹತ್ತರ ಘಾತಕ್ಕೆ ಹಾಕಬೇಕು. 1993ರ ಕಿಲ್ಲಾರಿ ಭೂಕಂಪ 6.2, 2001ರ ಭುಜ್ 7.7. ವ್ಯತ್ಯಾಸ 1.5, ಒಂದೂವರೆ ಪಟ್ಟು 2.25, ಹತ್ತರ ಘಾತಕ್ಕೆ ಹಾಕಿದರೆ 178. ಆದರೂ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ನಸುಕಿನ ನಾಲ್ಕರ ಹೊತ್ತಿಗೆ, ಕಲ್ಲು ಮಣ್ಣಿನ ಗೋಡೆಯ ಮನೆಗಳಲ್ಲಿ ಎಲ್ಲರೂ ಮಲಗಿದ್ದರು. ಅದನ್ನು ಯಾವ ಲಾಗೂ ಅಳೆಯುವುದಿಲ್ಲ.

ಲಾಗ್ ಹಾಕುವ ಮೊದಲು ಒಂದು ತಪಾಸಣೆ

ಎಲ್ಲ ಬೆಳವಣಿಗೆಯೂ ಘಾತದ ಬೆಳವಣಿಗೆಯಲ್ಲ. ಸಮಾನ ಅಂತರದಲ್ಲಿ ನಾಲ್ಕೈದು ಅಳತೆ ಬರೆದುಕೊಳ್ಳಿ. ಪ್ರತಿಯೊಂದರಿಂದ ಅದರ ಹಿಂದಿನದನ್ನು ಕಳೆಯಿರಿ, ಆಮೇಲೆ ಬೇರೆಯಾಗಿ ಪ್ರತಿಯೊಂದನ್ನು ಅದರ ಹಿಂದಿನದರಿಂದ ಭಾಗಿಸಿ. ಕಳೆದದ್ದು ಒಂದೇ ಸಮ ಬಂದರೆ ಅದು ನೇರ ಗೆರೆಯ ಲೆಕ್ಕ, ಲಾಗ್ ಬೇಡ. ಭಾಗಿಸಿದ್ದು ಒಂದೇ ಸಮ ಬಂದರೆ ಮಾತ್ರ ಲಾಗ್. ಎರಡೂ ಬರಲಿಲ್ಲವೆಂದರೆ ಬೇರೆ ಏನೋ ನಡೆದಿದೆ.

ಹೆಪ್ಪು ಹಾಕಿದ ಹಾಲನ್ನು ನೋಡಿ. ಮೊದಮೊದಲು ಜೀವಾಣುಗಳು ಇಮ್ಮಡಿ ಇಮ್ಮಡಿಯಾಗುತ್ತವೆ. ತಾವೇ ಹುಟ್ಟಿಸಿದ ಹುಳಿ ಏರುತ್ತಿದ್ದಂತೆ ಬೆಳವಣಿಗೆ ತಾನಾಗಿ ಕುಂಟುತ್ತದೆ. ಮೊದಲ ಎರಡು ಗಂಟೆಯ ಲೆಕ್ಕ ಹಿಡಿದು ಮರುದಿನದ ಸಂಖ್ಯೆ ಹೇಳಿದರೆ ಊರು ತುಂಬುವಷ್ಟು ಮೊಸರು ಬರುತ್ತದೆ. "ಕಳೆದ ವರ್ಷ ಶೇ 40 ಏರಿದೆ, ಹೀಗೇ ಆದರೆ" ಎಂದು ಶುರುಮಾಡುವ ಷೇರು, ನಿವೇಶನದ ಏಜೆಂಟರ ಲೆಕ್ಕವೂ ಇದೇ ಮೊಸರು. ಸಾಲದ ಬಡ್ಡಿ ಮಾತ್ರ ಹಾಗಲ್ಲ. ಅದಕ್ಕೆ ಹುಳಿ ತಾಗುವುದಿಲ್ಲ, ಕಾಗದದಲ್ಲಿ ಬರೆದಂತೆಯೇ ಬೆಳೆಯುತ್ತದೆ.

ವಾರ ಬಿಟ್ಟು ಭಾವಮೈದನಿಂದ ಒಂದು ಮೆಸೇಜ್ ಬಂತು. "ಭಾವ, ಕಂತು 27,000 ಮಾಡಿಸ್ದೆ. 27,000 ÷ 3,000 ಅಂದ್ರೆ 9. ಲಾಗ್ 9 ಹಾಕಿ ಭಾಗಿಸಿದ್ರೆ 275.8 ಬಂತು. ಸರೀನಾ?"

ಸರಿ ಇತ್ತು. 276ನೇ ಕಂತು ಪೂರ್ತಿ ಇರುವುದಿಲ್ಲ, ಮುಕ್ಕಾಲಿನಷ್ಟಿರುತ್ತದೆ ಎಂದು ಬರೆದೆ.